ಗಂಜಿನ ಅಡತ್ ಅಂಗಡಿಗೆ ಪಟ್ಟಿ ಸಾಫ್ಟ್‌ವೇರ್: ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯೋಣ?

ಸಗರನಾಡು:
ಕಲಬುರಗಿ ನೆಹರು ಗಂಜಿನ (ಧಾನ್ಯ ಮಾರುಕಟ್ಟೆಯ) ಒಂದು ಅಡತ್ ಅಂಗಡಿಗೆ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿಗೆ, ರೈತರ ಪಟ್ಟಿ (ಮಾಲು ಮಾರಿದ ಲೆಕ್ಕದ ಚೀಟಿ) ಮಾಡುವ ಸಾಫ್ಟ್‌ವೇರ್ ಬರೆಯಬೇಕಾಗಿದೆ. ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದು ವಿಂಡೋಸ್ 7, 32 ಬಿಟ್, 4 ಜಿಬಿ ರ್‍ಯಾಮ್. ಇನ್ನೊಂದು ವಿಂಡೋಸ್ 10. ಇಂಟರ್ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತೂಕದ ಕಾಂಟಾದಿಂದ ಸೀರಿಯಲ್ ವೈರ್ ಬರುತ್ತದೆ. ರೈತರ ಹೆಸರು, ಊರು, ಮಾಲು ಎಲ್ಲ ಕನ್ನಡದಲ್ಲೇ ಆಗಬೇಕು, ಪಟ್ಟಿ ಕನ್ನಡದಲ್ಲಿ ಪ್ರಿಂಟ್ ಆಗಬೇಕು. ಜತೆಯಲ್ಲಿರುವವರಲ್ಲಿ ಒಬ್ಬರು ಎಲೆಕ್ಟ್ರಾನ್ (ವೆಬ್ ಪೇಜನ್ನೇ ಕಂಪ್ಯೂಟರ್ ಆಪ್ ಮಾಡುವ ಸಾಧನ) ಅಂತಾರೆ, ಒಬ್ಬರು ಪೈಥಾನ್, ಇನ್ನೊಬ್ಬರು ಗೋ. ರಸ್ಟ್ ಅನ್ನುವವರೂ ಇದ್ದಾರೆ. ಯಾವುದು ವೇಗ ಅನ್ನುವುದು ಇಲ್ಲಿ ಮುಖ್ಯವಲ್ಲ, ದಿನಕ್ಕೆ ಕೆಲವು ನೂರು ಪಟ್ಟಿ ಅಷ್ಟೇ. ಯಾವುದರಲ್ಲಿ ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದನ್ನು ಬಲ್ಲವರು ಹೇಳಿ.

ಕಾಗಿಣಾ:
ಭಾಷಾ ಆಮ್ಯಾಲ ಆರಿಸ್ರಿ, ಮೊದಲು ಆ ವಿಂಡೋಸ್ 7 ಮಷೀನ್ ನೋಡ್ರಿ. ಅರ್ಧ ನಿರ್ಧಾರ ಅದೇ ಮಾಡಿಬಿಡ್ತದ.

ಪೈಥಾನ್ 3.8 ತನಕ ಮಾತ್ರ ವಿಂಡೋಸ್ 7 ಮ್ಯಾಲ ನಡೀತದ, 3.9ಕ್ಕ 8.1 ಬೇಕು. ಗೋ 1.20 ಕಡೀದು, 1.21ರಿಂದ ವಿಂಡೋಸ್ 10 ಬೇಕು. ರಸ್ಟ್ 1.78ರಿಂದ ವಿಂಡೋಸ್ 10 ಕನಿಷ್ಠ ಆಗ್ಯದ. ಎಲೆಕ್ಟ್ರಾನ್ 22 ಕಡೀದು. ಈ ಹಳೇ ಆವೃತ್ತಿ ಯಾವುದಕ್ಕೂ ಈಗ ಭದ್ರತಾ ಪ್ಯಾಚ್ ಬರಂಗಿಲ್ಲ. ವಿಂಡೋಸ್ 7ಕ್ಕ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕ. ವಿಂಡೋಸ್ 10ರದ್ದೂ 2025ರ ಅಕ್ಟೋಬರ್ 14ಕ್ಕ ಮುಗದದ.

ಅದಕ್ಕ ಹಳೇ ಮಷೀನಿನ ಮ್ಯಾಲ ನಿಮ್ಮ ಪ್ರೋಗ್ರಾಂ ಹಾಕಲೇಬ್ಯಾಡ್ರಿ. ಹೊಸ ಮಷೀನಿನ ಮ್ಯಾಲ ಸಣ್ಣ ಸರ್ವರ್ ನಡಸ್ರಿ, ಹಳೇದು ಬರೇ ಬ್ರೌಸರ್ ತಗದು ಅಂಗಡಿಯ ಲ್ಯಾನ್ (ಒಳಗಿನ ನೆಟ್‌ವರ್ಕ್) ಮ್ಯಾಲ ಅದನ್ನ ನೋಡಲಿ. ವಿಂಡೋಸ್ 7ಕ್ಕ ಕ್ರೋಮ್ 109 ಕಡೀದು, ಫೈರ್‌ಫಾಕ್ಸ್ ಆದ್ರ ಇಎಸ್‌ಆರ್ (ಬಹಳ ದಿನ ಬೆಂಬಲ ಸಿಗೋ ಆವೃತ್ತಿ) 115. ಆ ಬ್ರೌಸರಿಗಿ ಹೊಂದೂ ಹಂಗ ಪೇಜ್ ಸಾದಾ ಇಡ್ರಿ, ಹಳೇ ಮಷೀನಿಗಿ ಹೊರಗಿನ ನೆಟ್ ಕೊಡಬ್ಯಾಡ್ರಿ. ಇಲ್ಲಾಂದ್ರ, ಪ್ರೊಸೆಸರ್ 64 ಬಿಟ್ ಇದ್ರ, ಆ ಮಷೀನಿಗಿ ಡೆಬಿಯನ್ ಲಿನಕ್ಸ್ ಹಾಕ್ರಿ, 4 ಜಿಬಿ ಸಾಕಾಗ್ತದ.

ಹಿಂಗ ಮಾಡಿದ್ರ ಎಲೆಕ್ಟ್ರಾನ್ ಮಾತೇ ಬರಂಗಿಲ್ಲ. ಅದು ಪ್ರತಿ ಆಪ್ ಜೋಡಿ ಪೂರ್ತಿ ಕ್ರೋಮಿಯಂ ಬ್ರೌಸರ್ ಹೊತ್ಕೊಂಡು ಬರ್ತದ.

ಮಾಂಜ್ರಾ ದಂಡೆ:
ಕಾಗಿಣಾ ಅವರು ಹೇಳಿದ ರಚನೆ ಸರಿ. ಇನ್ನು ಭಾಷೆಯ ವಿಷಯ. ನಾನು ಭಾಷೆ ಅಳೆಯುವುದು ಒಂದೇ ಪ್ರಶ್ನೆಯಿಂದ: ಲೆಕ್ಕ ತಪ್ಪಿದಾಗ ಅದು ಕೂಗಿ ಹೇಳುತ್ತದೋ, ಸುಮ್ಮನೆ ಮುಂದೆ ಹೋಗುತ್ತದೋ? ಪಟ್ಟಿ ಅಂದರೆ ರೈತನ ದುಡ್ಡು. ಅಲ್ಲಿ ಸುಮ್ಮನೆ ಮುಂದೆ ಹೋಗುವ ತಪ್ಪು ಪ್ರೋಗ್ರಾಂ ನಿಂತುಹೋಗುವುದಕ್ಕಿಂತ ಕೆಟ್ಟದ್ದು.

ಉದಾಹರಣೆಗೆ ಒಂದು ಪಟ್ಟಿ. ತೊಗರಿ 18 ಕ್ವಿಂಟಲ್ 47 ಕಿಲೋ 500 ಗ್ರಾಂ. ದರ ಕ್ವಿಂಟಲ್‌ಗೆ ₹7,550 (2024-25ರ ಬೆಂಬಲ ಬೆಲೆ ಇಷ್ಟೇ ಇತ್ತು). ದಶಮಾಂಶ ಬಳಸಬೇಡಿ. ತೂಕ ಗ್ರಾಂನಲ್ಲಿ, ದರ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ: 18,47,500 ಗ್ರಾಂ, 7,55,000 ಪೈಸೆ. ಗುಣಿಸಿದರೆ 13,94,86,25,00,000. ಒಂದು ಕ್ವಿಂಟಲ್‌ಗೆ 1,00,000 ಗ್ರಾಂ, ಅದರಿಂದ ಭಾಗಿಸಿದರೆ 1,39,48,625 ಪೈಸೆ, ಅಂದರೆ ₹1,39,486.25. ಅರ್ಧ ಪೈಸೆ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ಮೇಲಕ್ಕೆ ಹೋಗಬೇಕಲ್ಲ, ಅದಕ್ಕೆ ಭಾಗಿಸುವ ಮೊದಲೇ 50,000 ಕೂಡಿಸಬೇಕು.

ಈಗ ನಡುವಿನ ಆ ಗುಣಲಬ್ಧ ನೋಡಿ. 32 ಬಿಟ್ ಪೂರ್ಣಾಂಕದ ಮಿತಿ 2,14,74,83,647. ಜಾವಾ ಅಥವಾ ಸಿ ಶಾರ್ಪ್‌ನಲ್ಲಿ ಸಾದಾ ಇಂಟ್ (32 ಬಿಟ್ ಪೂರ್ಣಾಂಕ) ಬಳಸಿದರೆ ಇಲ್ಲಿ ಉಕ್ಕಿ ಹರಿದು ಬೇರೆಯೇ ಸಂಖ್ಯೆ ಬರುತ್ತದೆ, ಎಚ್ಚರಿಕೆಯೂ ಇಲ್ಲ. ಜಾವಾದಲ್ಲಿ 64 ಬಿಟ್‌ನ ಲಾಂಗ್ ಬಳಸಿ, ಜತೆಗೆ ಮಲ್ಟಿಪ್ಲೈ ಎಕ್ಸಾಕ್ಟ್ ಅನ್ನುವ ಫಂಕ್ಷನ್ ಬಳಸಿದರೆ ಉಕ್ಕಿದಾಗ ದೋಷ ಎಸೆಯುತ್ತದೆ. ಗೋದಲ್ಲಿ ಇನ್ನೂ ಸೂಕ್ಷ್ಮ: ಇಂಟ್ ಅನ್ನುವುದು 64 ಬಿಟ್ ಮಷೀನಿಗೆ ಕಂಪೈಲ್ ಮಾಡಿದರೆ 64, 32 ಬಿಟ್ ಮಷೀನಿಗೆ ಮಾಡಿದರೆ 32. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿ ಬಂದ ಪಟ್ಟಿ ಅಂಗಡಿಯಲ್ಲಿ ತಪ್ಪುತ್ತದೆ. ಇಂಟ್64 ಅಂತ ಬಿಡಿಸಿ ಬರೆಯಿರಿ. ರಸ್ಟ್ ಡೀಬಗ್ (ಪರೀಕ್ಷೆಗೆ ಮಾಡಿದ) ಬಿಲ್ಡ್‌ನಲ್ಲಿ ಉಕ್ಕಿದರೆ ನಿಲ್ಲುತ್ತದೆ, ರಿಲೀಸ್ ಬಿಲ್ಡ್‌ನಲ್ಲಿ ಡೀಫಾಲ್ಟ್ ಆಗಿ ಸುತ್ತಿಕೊಂಡು ಹೋಗುತ್ತದೆ, ಆದ್ದರಿಂದ ಉಕ್ಕಿದರೆ ತಿಳಿಸುವ ಚೆಕ್ಡ್ ಮಲ್ ಬಳಸಬೇಕು. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿಯೇ ಇಲ್ಲ, ಈ ಒಂದು ವಿಷಯದಲ್ಲಿ ಅದೇ ಎಲ್ಲಕ್ಕಿಂತ ನಿರಾಳ.

ಅಂಕೆ ದುಂಡಗೆ ಮಾಡುವುದೂ ಭಾಷೆಯಿಂದ ಭಾಷೆಗೆ ಬೇರೆ. 2.5 ಅನ್ನು ಪೈಥಾನಿನ ರೌಂಡ್ 2 ಮಾಡುತ್ತದೆ, ಹತ್ತಿರದ ಸರಿಸಂಖ್ಯೆಗೆ ಹೋಗುವುದು ಅದರ ನಿಯಮ. ಜಾವಾಸ್ಕ್ರಿಪ್ಟ್ ಮತ್ತು ಗೋ ಎರಡೂ 3 ಮಾಡುತ್ತವೆ. ಸರ್ವರ್ ಪೈಥಾನ್, ಪೇಜಿನಲ್ಲಿ ಜಾವಾಸ್ಕ್ರಿಪ್ಟ್ ಇದ್ದು ಎರಡೂ ಕಡೆ ಲೆಕ್ಕ ಮಾಡಿದರೆ ತೆರೆಯ ಮೇಲಿನ ಮೊತ್ತ ಒಂದು, ಪ್ರಿಂಟ್ ಆದದ್ದು ಇನ್ನೊಂದು. ಲೆಕ್ಕ ಒಂದೇ ಕಡೆ ಮಾಡಿ.

1959ರ ಕೋಬಾಲ್‌ನಲ್ಲಿ ದುಡ್ಡಿನ ಲೆಕ್ಕಕ್ಕೆ ಬೇಕಾದ ಸ್ಥಿರ ದಶಮಾಂಶ ಭಾಷೆಯೊಳಗೇ ಇತ್ತು. 1995ರ ಜಾವಾಸ್ಕ್ರಿಪ್ಟ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004. ಹೊಸದೆಲ್ಲ ಎಲ್ಲದರಲ್ಲೂ ಮುಂದೆ ಅನ್ನುವ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಸಗರನಾಡು:
ಪೈಥಾನ್‌ನ ಡೆಸಿಮಲ್ (ದಶಮಾಂಶವನ್ನು ನಿಖರವಾಗಿ ಇಡುವ ಪ್ರಕಾರ) ಬಳಸಿದರೆ ಸಾಲದೇ? ಪೂರ್ಣಾಂಕವೇ ಯಾಕೆ?

ಮಾಂಜ್ರಾ ದಂಡೆ:
ಡೆಸಿಮಲ್ ತಪ್ಪಲ್ಲ, ಎರಡು ಕಡೆ ಜಾರುತ್ತದೆ. ಒಂದು, 0.1 ಅನ್ನು ಉದ್ಧರಣ ಚಿಹ್ನೆ ಇಲ್ಲದೆ ಕೊಟ್ಟರೆ ಅದು ಮೊದಲು ಫ್ಲೋಟ್ (ಅಂದಾಜು ದಶಮಾಂಶ) ಆಗಿ ಆಮೇಲೆ ಡೆಸಿಮಲ್ ಆಗುತ್ತದೆ, ಹಳೆಯ ದೋಷ ಜತೆಗೇ ಬರುತ್ತದೆ. ಯಾವಾಗಲೂ ಸ್ಟ್ರಿಂಗ್ (ಪಠ್ಯ) ಆಗಿಯೇ ಕೊಡಬೇಕು. ಎರಡು, ನೀವು ಬಹುಶಃ ಎಸ್‌ಕ್ಯುಲೈಟ್ (ಒಂದೇ ಫೈಲಿನ ಸಣ್ಣ ಡೇಟಾಬೇಸ್) ಬಳಸುತ್ತೀರಿ, ಅದರಲ್ಲಿ ಡೆಸಿಮಲ್ ಪ್ರಕಾರವೇ ಇಲ್ಲ. ಕಾಲಮ್ಮಿಗೆ ಡೆಸಿಮಲ್ 10,2 ಅಂತ ಬರೆದರೆ ಒಪ್ಪಿಕೊಳ್ಳುತ್ತದೆ, ಪೈಸೆ ಇದ್ದ ಮೊತ್ತವನ್ನು ಒಳಗೆ ಫ್ಲೋಟ್ ಆಗಿ ಇಡುತ್ತದೆ. ಪೈಸೆ ಪೂರ್ಣಾಂಕವಾದರೆ ಪ್ರೋಗ್ರಾಂ, ಡೇಟಾಬೇಸ್, ಪ್ರಿಂಟ್ ಮೂರೂ ಕಡೆ ಅದೇ ಸಂಖ್ಯೆ.

ಅಕ್ಷರ ಜೋಡಣೆ:
ದುಡ್ಡಿನಷ್ಟೇ ಕಾಡುವುದು ಕನ್ನಡ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದ ಕೋಡ್‌ನಲ್ಲಿ ಇದ್ಯಾವುದೂ ಕಾಣಿಸುವುದಿಲ್ಲ.

"ಕಲಬುರಗಿ" ಎಷ್ಟು ಉದ್ದ? ಪೈಥಾನ್, ಜಾವಾಸ್ಕ್ರಿಪ್ಟ್ 7 ಅನ್ನುತ್ತವೆ. ಗೋ, ರಸ್ಟ್ 21 ಅನ್ನುತ್ತವೆ. ಆಪಲ್‌ನ ಸ್ವಿಫ್ಟ್ ಭಾಷೆ 5 ಅನ್ನುತ್ತದೆ. ಮೂರೂ ಸರಿಯೇ. 21 ಅನ್ನುವುದು ಬೈಟ್, ಯುಟಿಎಫ್-8ರಲ್ಲಿ (ಯುನಿಕೋಡ್ ಪಠ್ಯವನ್ನು ಬೈಟ್ ಆಗಿ ಇಡುವ ಪದ್ಧತಿ) ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ 3 ಬೈಟ್. 7 ಅನ್ನುವುದು ಸಂಕೇತಗಳು, ಗುಣಿತ ಚಿಹ್ನೆ ಬೇರೆ ಬೇರೆ ಎಣಿಸಿ. 5 ಅನ್ನುವುದು ಓದುವವರ ಅಕ್ಷರ. ಒತ್ತಕ್ಷರ ಬಂದರೆ ಇದೂ ನೆಚ್ಚುವಂತಿಲ್ಲ: "ಮಲ್ಲಿಕಾರ್ಜುನ" ಓದುವವರಿಗೆ 5 ಅಕ್ಷರ, ಎಷ್ಟೋ ಲೈಬ್ರರಿಗಳು ಒತ್ತನ್ನು ಒಡೆದು 7 ಎಣಿಸುತ್ತವೆ.

ಪಟ್ಟಿಯಲ್ಲಿ ಜಾಗ ಇಲ್ಲ ಅಂತ ಹೆಸರನ್ನು 20 ಬೈಟಿಗೆ ಕತ್ತರಿಸಿದರೆ ಆರು ಸಂಕೇತ ಪೂರ್ತಿ ಬರುತ್ತವೆ, ಏಳನೆಯದು ನಡುವೆ ಒಡೆಯುತ್ತದೆ. ಗೋ ಆ ಒಡೆದ ತುಂಡನ್ನು ಹಾಗೇ ಮುಂದೆ ಕಳಿಸುತ್ತದೆ, ಪ್ರಿಂಟಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಬರುತ್ತದೆ. ರಸ್ಟ್ ಅದೇ ಜಾಗದಲ್ಲಿ ಪ್ಯಾನಿಕ್ ಆಗಿ ನಿಲ್ಲುತ್ತದೆ. ಪೈಥಾನ್ ಸಂಕೇತದ ಗಡಿಯಲ್ಲಿ ಕತ್ತರಿಸುತ್ತದೆ, ಆದರೆ ಮೊದಲ ಮೂರು ಸಂಕೇತ ತೆಗೆದುಕೊಂಡರೆ ಕೈಗೆ ಬರುವುದು "ಮಲ್". ಸಂಖ್ಯೆ ನೋಡಿ ಕತ್ತರಿಸಬೇಡಿ. ಪಠ್ಯದ ಅಗಲ ಅಳೆದು, ಹೆಚ್ಚಾದರೆ ಎರಡನೇ ಸಾಲಿಗೆ ಇಳಿಸಿ.

ಹುಡುಕಾಟ ಇನ್ನೊಂದು ಗೋಳು. "ತೊಗರಿ"ಯ ತೊ ಎರಡು ರೀತಿ ಕೂತಿರಬಹುದು: ಒತ್ವದ ಒಂದೇ ಸಂಕೇತವಾಗಿ, ಅಥವಾ ಎತ್ವ ಒಂದು, ಅದರ ಮುಂದೆ ಊ ಚಿಹ್ನೆ ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಒಂದರಲ್ಲಿ 5 ಸಂಕೇತ, ಇನ್ನೊಂದರಲ್ಲಿ 6, ಹೋಲಿಸಿದರೆ ಬೇರೆ. ಇದಕ್ಕೆ ಒಳಗೆ ಬರುವ ಪಠ್ಯವನ್ನೆಲ್ಲ ಎನ್‌ಎಫ್‌ಸಿ (ಒಂದೇ ಅಕ್ಷರಕ್ಕೆ ಒಂದೇ ಬಗೆಯ ಸಂಕೇತ ಕೊಡುವ) ರೂಪಕ್ಕೆ ತರಬೇಕು. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಈ ಸೌಲಭ್ಯ ಭಾಷೆಯ ಜತೆಗೇ ಬರುತ್ತದೆ, ಗೋ ಮತ್ತು ರಸ್ಟ್‌ಗೆ ಹೊರಗಿನ ಪ್ಯಾಕೇಜ್ ಬೇಕು.

ಎನ್‌ಎಫ್‌ಸಿ ಸರಿಮಾಡದ ಎರಡು ಇವೆ. "ರಾಜ್‌ಕುಮಾರ" ಅನ್ನುವಲ್ಲಿ ಒತ್ತು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹುಡುಕಲಿಕ್ಕೆಂದು ಬೇರೆ ಕಾಲಮ್ ಇಟ್ಟು ಅದರಲ್ಲಿ ಮಾತ್ರ ಇದನ್ನು ತೆಗೆಯಿರಿ, ಮೂಲ ಹೆಸರಿನಿಂದ ತೆಗೆಯಬೇಡಿ. ಎರಡನೆಯದು, ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತುವ ಅಭ್ಯಾಸ: "ಅ೦ಗಡಿ". ಆ ಸೊನ್ನೆಯ ಅಕ್ಕಪಕ್ಕ ಕನ್ನಡ ಅಕ್ಷರ ಇದ್ದರೆ ಅದನ್ನು ಅನುಸ್ವಾರ ಮಾಡುವ ನಿಯಮ ಹಾಕಿ. ತೂಕದ ಜಾಗದಲ್ಲಿ ಯಾರಾದರೂ ೧೨ ಅಂತ ಕನ್ನಡ ಅಂಕಿ ಒತ್ತಿದರೆ ಪೈಥಾನ್ ಅದನ್ನು 12 ಅಂತಲೇ ಓದುತ್ತದೆ. ಜಾವಾಸ್ಕ್ರಿಪ್ಟ್ ಸಂಖ್ಯೆಯೇ ಅಲ್ಲ ಅನ್ನುತ್ತದೆ, ಗೋ ದೋಷ ಕೊಡುತ್ತದೆ.

ಅಕಾರಾದಿಯಲ್ಲೂ ನೋಡಿ. ಯುನಿಕೋಡ್ ಕ್ರಮದಲ್ಲಿ ಳ ಬರುವುದು ಲ ಆದ ಮೇಲೆ, ವ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಗೆ. ಸಾದಾ ಸಾರ್ಟ್ ಮಾಡಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ನಿಘಂಟು ನೋಡುವವರಿಗೆ ಇದು ತಿರುಗುಮುರುಗು. ಊರುಗಳ ಯಾದಿಗೆ ಕ್ರಮಸಂಖ್ಯೆಯ ಕಾಲಮ್ ಒಂದನ್ನು ಕೊಡುವುದೇ ಸುಲಭ. ಊರಿನ ಹೆಸರನ್ನೇ ಕೀ (ದಾಖಲೆ ಹುಡುಕುವ ಗುರುತು) ಮಾಡಬೇಡಿ. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಕಲಬುರಗಿ ಆಯಿತು, ಹಳೆಯ ಡೇಟಾದಲ್ಲಿ "ಗುಲ್ಬರ್ಗಾ", "ಕಲಬುರ್ಗಿ", "ಕಲಬುರಗಿ" ಮೂರೂ ಸಿಗುತ್ತವೆ. ಬೀದರ ಕಡೆಯ ಡೇಟಾದಲ್ಲಿ ದೇವನಾಗರಿ, ಉರ್ದು ಲಿಪಿಯ ಹೆಸರುಗಳೂ ಇರುತ್ತವೆ. ಊರಿಗೆ ಒಂದು ಸಂಖ್ಯೆ, ಅದರ ಕೆಳಗೆ ಬೇಕಾದಷ್ಟು ಹೆಸರು.

ಗಂಜ್ ರೋಡ್:
ಎಸ್‌ಎಂಎಸ್ ಕಳಿಸೋದಿದ್ರ ಇದೂ ತಿಳ್ಕೊರ್ರಿ. ಕನ್ನಡ ಒಂದು ಅಕ್ಷರ ಬಂದ್ರೂ ಮೆಸೇಜಿನ ಮಿತಿ 160ರಿಂದ 70ಕ್ಕ ಇಳೀತದ, ಒಂದಕ್ಕಿಂತ ಹೆಚ್ಚಾದ್ರ ತುಂಡಿಗಿ 67. ಇಲ್ಲಿ ಎಣಿಸೋದು ಸಂಕೇತ, ಅಕ್ಷರ ಅಲ್ಲ. ಅಂದ್ರ ಕಲಬುರಗಿ ಅಂತ ಬರದ್ರ 7 ಹೋಯ್ತು. ಊರಿನ ಹೆಸರು ಬಿಟ್ಟು ತೂಕ, ದರ, ಮೊತ್ತ ಇಷ್ಟ ಕಳಿಸ್ರಿ.

ಎಕ್ಸೆಲ್‌ನಾಗ ತಗಿಯೋ ಸಿಎಸ್‌ವಿ ಫೈಲಿಗಿ ಶುರುವಿನಾಗ ಬಿಒಎಂ (ಇದು ಯುಟಿಎಫ್-8 ಅಂತ ಹೇಳೋ ಗುರ್ತು) ಮೂರು ಬೈಟ್ ಹಾಕ್ರಿ, ಇಲ್ಲಾಂದ್ರ ಕನ್ನಡ ಎಲ್ಲಾ ಕಲಸಿ ಹೋಗ್ತದ. ಪೈಥಾನ್‌ನಾಗ ಫೈಲ್ ತಗಿಯೋ ಮುಂದ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೀಲೇಬೇಕು. ಲಿನಕ್ಸ್‌ನಾಗ ಬರೀದಿದ್ರೂ ನಡೀತದ, ವಿಂಡೋಸ್‌ನಾಗ ಕನ್ನಡ ಬಂದ ಕೂಡ್ಲೆ ಚಾರ್‌ಮ್ಯಾಪ್ ದೋಷ ಅಂತ ನಿಲ್ತದ.

ತುಕ್ಕು ಹಿಡಿಯದ ಕೋಡ್:
ಇಷ್ಟೆಲ್ಲ ಓದಿದ ಮೇಲೂ ರಸ್ಟ್ ಯಾಕೆ ಬೇಡ? ತಪ್ಪು ಕೂಗಿ ಹೇಳಬೇಕು ಅಂದಿರಿ, ಅದರಲ್ಲಿ ರಸ್ಟ್‌ನಷ್ಟು ಯಾವುದೂ ಇಲ್ಲ. ತೂಕ ಇನ್ನೂ ಆಗಿಲ್ಲ ಅನ್ನುವುದಕ್ಕೂ ತೂಕ ಸೊನ್ನೆ ಅನ್ನುವುದಕ್ಕೂ ಅದು ಪ್ರಕಾರದಲ್ಲೇ ವ್ಯತ್ಯಾಸ ಮಾಡುತ್ತದೆ. ಗೋದಲ್ಲಿ ಬ್ರೌಸರಿಂದ ಜೇಸನ್ ರೂಪದಲ್ಲಿ ಬಂದ ಡೇಟಾದಲ್ಲಿ ಒಂದು ಫೀಲ್ಡ್ ಇಲ್ಲದಿದ್ದರೆ ಸುಮ್ಮನೆ 0 ತುಂಬುತ್ತದೆ. ಹಮಾಲಿ ಕಡಿತದ ಫೀಲ್ಡಿನ ಹೆಸರು ಪೇಜಿನಲ್ಲಿ ತಪ್ಪಾಗಿದ್ದರೆ ಹಮಾಲಿ 0 ಅಂತ ಪಟ್ಟಿ ಪ್ರಿಂಟ್ ಆಗಿ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಕಾಗಿಣಾ:
ಮಾತು ಖರೇ ಅದ. ಗೋದಾಗ ಅದಕ್ಕ ಫೀಲ್ಡ್ ಪಾಯಿಂಟರ್ ಮಾಡಿ, ನಿಲ್ (ಖಾಲಿ) ಇದ್ರ ದೋಷ ಕೊಡಬೇಕು. ಗುರ್ತಿಲ್ಲದ ಫೀಲ್ಡ್ ಬಂದ್ರ ತಿರಸ್ಕರಿಸೋ ಆಯ್ಕೆನೂ ಡಿಕೋಡರ್‌ನಾಗ ಅದ, ಅದನ್ನ ಆನ್ ಮಾಡ್ರಿ. ಆದ್ರ ಇದನ್ನ ನೆನಪಿಟ್ಟು ಮಾಡಬೇಕು, ರಸ್ಟ್ ಆದ್ರ ಮಾಡದೆ ಬಿಡಂಗಿಲ್ಲ.

ನನ್ನ ತಕರಾರು ಬ್ಯಾರೆ. ಈ ಪ್ರೋಗ್ರಾಂ ಹತ್ತು ವರ್ಷ ನಡೀಬೇಕು. ಕಡಿತದ ನಿಯಮ ಬದಲಾದ್ರ ಮುಂದ ಅದನ್ನ ತಿದ್ದೋರು ಯಾರು? ಯಾದಗಿರಿ, ಸೇಡಂ, ಭಾಲ್ಕಿ ಕಡಿ ಕಾಲೇಜಿನಿಂದ ಹೊರಬರೋ ಹುಡುಗ್ರಿಗಿ ಸಿ, ಜಾವಾ, ಪೈಥಾನ್ ಓದಿ ಗೊತ್ತಿರ್ತದ. ಗೋ ಭಾಷಾ ಸಣ್ಣದು, ಓದಿ ತಿಳ್ಕೊಂಡು ತಿದ್ದಬಹುದು. ರಸ್ಟ್‌ನ ಓನರ್‌ಶಿಪ್ ನಿಯಮ (ಯಾವ ಡೇಟಾ ಯಾರ ಕೈಯಾಗ ಅನ್ನೋದು) ಕೈಗಿ ಹತ್ತೋತನ ತಡಾ ಆಗ್ತದ. ಮೆಮೊರಿ ಸುರಕ್ಷತೆ ಗೋ, ಪೈಥಾನ್ ಎರಡರಾಗೂ ಬ್ಯಾಡಾದ ಮೆಮೊರಿ ತಾನೇ ತಗಿಯೋ ಗಾರ್ಬೇಜ್ ಕಲೆಕ್ಟರಿಂದ ಸಿಗ್ತದ. ಪಟ್ಟಿಗಿ ಅಷ್ಟು ಸಾಕು. ರಸ್ಟ್ ಬೇಕಾಗೋದು ಡ್ರೈವರ್, ಸಣ್ಣ ಚಿಪ್, ಗಾರ್ಬೇಜ್ ಕಲೆಕ್ಟರ್ ನಿಲ್ಲಿಸೋ ಕ್ಷಣಾನೂ ತಡಕೊಳ್ಳದ ಕಡಿ.

ನನ್ನ ಆಯ್ಕೆ ಗೋ. ಒಂದೇ ಫೈಲ್, ಪೆನ್‌ಡ್ರೈವ್‌ನಾಗ ಹಾಕ್ಕೊಂಡು ಹೋಗಿ ಇಟ್ರ ಆಯ್ತು. ಎಸ್‌ಕ್ಯುಲೈಟ್ ಡ್ರೈವರ್ ಮಾತ್ರ ಪೂರ್ತಿ ಗೋದಾಗ ಬರದದ್ದು ತಗೋರಿ, ಸಿ ಕಂಪೈಲರ್ ಬೇಡೋದು ತಗೊಂಡ್ರ ಲಿನಕ್ಸ್‌ನಾಗ ಕೂತು ವಿಂಡೋಸ್‌ಗಿ ಕಂಪೈಲ್ ಮಾಡೋದು ತ್ರಾಸ್.

ತುಕ್ಕು ಹಿಡಿಯದ ಕೋಡ್:
ತಿದ್ದುವವರು ಸಿಗಬೇಕು ಅನ್ನುವ ಮಾತು ಒಪ್ಪುತ್ತೇನೆ. ಆದರೂ ಲೆಕ್ಕದ ಭಾಗವನ್ನು ಮಾತ್ರ ಬೇರೆ ಪ್ಯಾಕೇಜ್ ಮಾಡಿ. ಗ್ರಾಂ ಒಂದು ಪ್ರಕಾರ, ಪೈಸೆ ಇನ್ನೊಂದು ಪ್ರಕಾರ ಅಂತ ಗೋದಲ್ಲೂ ಹೆಸರು ಕೊಡಬಹುದು. ಗ್ರಾಂಗೆ ಪೈಸೆ ಕೂಡಿಸಿದರೆ ಕಂಪೈಲ್ ಆಗುವುದಿಲ್ಲ. ಇದಕ್ಕೆ ಎರಡು ಸಾಲು ಸಾಕು, ಹೆಚ್ಚಿನವರು ಮಾಡುವುದಿಲ್ಲ.

ಗಂಜ್ ರೋಡ್:
ಕಾಂಟಾದ ಬಗ್ಗೆ ಯಾರೂ ಹೇಳಿಲ್ಲ. ಇಂಡಿಕೇಟರ್ ಸೀರಿಯಲ್ ಮ್ಯಾಲ ಬಿಡದಂಗ ತೂಕ ಕಳಿಸ್ತಿರ್ತದ. ವೇಗ 9600 ಅದನೋ 2400 ಅದನೋ ಇಂಡಿಕೇಟರಿನ ಸೆಟ್ಟಿಂಗ್‌ನಾಗ ನೋಡ್ರಿ. ನಿಮ್ಮ ಪ್ರೋಗ್ರಾಂ ಓದಿದಾಗ ಪೂರ್ತಿ ಸಾಲೇ ಸಿಗ್ತದ ಅಂತ ಭರವಸೆ ಇಲ್ಲ. 018475 ಬರೋದು ಒಂದ್ ಸಲ 0184 ಅಂತ, ಮುಂದಿನ ಸಲ 75 ಅಂತ ಬರಬಹುದು. ಬಂದಷ್ಟನ್ನ ಸಂಖ್ಯೆ ಮಾಡಿದ್ರ 1847.5 ಕಿಲೋ ಹೋಗಿ 18.4 ಆಗ್ತದ. ಬಂದದ್ದನ್ನ ಬಫರ್‌ನಾಗ ಕೂಡಿಸ್ಕೋತ ಹೋಗಿ, ಶುರುವಿನ ಗುರ್ತಿಂದ ಕೊನೀ ಗುರ್ತಿನ ತನಕ ಸಿಕ್ಕ ಮ್ಯಾಲ, ಉದ್ದ ಸರಿ ಅದ ಅಂತ ನೋಡಿ, ಆಮ್ಯಾಲ ಸಂಖ್ಯೆ ಮಾಡ್ರಿ. ಒಂದಾದ ಮ್ಯಾಲ ಒಂದು ಮೂರು ಸಲ ಅದೇ ತೂಕ ಬಂದ್ರ ಮಾತ್ರ ನಿಂತದ ಅಂತ ತಗೋರಿ. ಯುಎಸ್‌ಬಿ ಕನ್ವರ್ಟರ್ ಬ್ಯಾರೆ ತೂತಿನಾಗ ಹಾಕಿದ್ರ ಕಾಮ್ 3 ಇದ್ದದ್ದು ಕಾಮ್ 7 ಆಗಬಹುದು, ಪೋರ್ಟ್ ನಂಬರ್ ಕೋಡಿನಾಗ ಬರೀಬ್ಯಾಡ್ರಿ.

ತಾರೀಖೂ ನೋಡ್ಕೊರ್ರಿ. ನಮ್ಮ ಟೈಮ್ ಜಾಗತಿಕ ಟೈಮ್ ಯುಟಿಸಿಗಿಂತ ಐದೂವರೆ ತಾಸು ಮುಂದ. ಜಾವಾಸ್ಕ್ರಿಪ್ಟ್‌ನಾಗ ತಾರೀಖನ್ನ ಐಎಸ್ಒ ಸ್ಟ್ರಿಂಗ್ (ಯುಟಿಸಿ ಟೈಮಿನ ಪಠ್ಯ) ಮಾಡಿ ಮೊದಲ ಹತ್ತು ಅಕ್ಷರ ತಗೊಂಡ್ರ, ಬೆಳಗಿನ ಐದೂವರೆ ಒಳಗಿನ ಪಟ್ಟಿ ಎಲ್ಲಾ ಹಿಂದಿನ ದಿನಕ್ಕ ಹೋಗ್ತದ. ಸುಗ್ಗಿಯಾಗ ರಾತ್ರಿ ಇಳಿಸಿದ ಗಾಡಿ ಇರ್ತಾವ. ಏಪ್ರಿಲ್ 1ರ ನಸುಕಿನ ಪಟ್ಟಿ ಹೋದ ವರ್ಷದ ಲೆಕ್ಕಕ್ಕ ಸೇರ್ತದ.

ಮಾಂಜ್ರಾ ದಂಡೆ:
ಡೇಟಾಬೇಸ್ ಬಗ್ಗೆ. ಎಸ್‌ಕ್ಯುಲೈಟ್ ಸಾಕು, ಆದರೆ ಆ ಫೈಲನ್ನು ಶೇರ್ ಫೋಲ್ಡರಿನಲ್ಲಿಟ್ಟು ಎರಡು ಕಂಪ್ಯೂಟರಿಂದ ನೇರ ತೆರೆಯಬೇಡಿ, ನೆಟ್‌ವರ್ಕ್ ಡ್ರೈವಿನಲ್ಲಿ ಲಾಕ್ ನೆಚ್ಚುವಂತಿಲ್ಲ, ಫೈಲ್ ಕೆಡುತ್ತದೆ. ಸರ್ವರ್ ಮಾತ್ರ ಮುಟ್ಟಬೇಕು. ಜರ್ನಲ್ ಮೋಡ್ ವಾಲ್ (ಹೊಸ ಬದಲಾವಣೆ ಮೊದಲು ಬೇರೆ ಫೈಲಿಗೆ ಬರೆಯುವುದು) ಮಾಡಿ, ಬ್ಯುಸಿ ಟೈಮ್‌ಔಟ್ 5000 ಮಿಲಿಸೆಕೆಂಡ್ ಇಡಿ. ಸಿಂಕ್ರೊನಸ್ ಸೆಟ್ಟಿಂಗ್ ಫುಲ್ ಇರಲಿ: ನಾರ್ಮಲ್ ಇದ್ದರೆ ಕರೆಂಟ್ ಹೋದಾಗ ಡೇಟಾಬೇಸ್ ಕೆಡುವುದಿಲ್ಲ, ಆದರೆ ಕೊನೆಯ ಒಂದೆರಡು ಪಟ್ಟಿ ಮಾಯವಾಗಬಹುದು, ಅಷ್ಟರಲ್ಲಿ ಅವು ಪ್ರಿಂಟ್ ಆಗಿ ರೈತನ ಕೈಯಲ್ಲಿರುತ್ತವೆ. ಟೇಬಲ್ ಮಾಡುವಾಗ ಸ್ಟ್ರಿಕ್ಟ್ ಅಂತ ಸೇರಿಸಿ (3.37ರಿಂದ ಇದೆ), ಇಲ್ಲದಿದ್ದರೆ ಪೂರ್ಣಾಂಕದ ಕಾಲಮ್ಮಿನಲ್ಲಿ ಅಕ್ಷರವನ್ನೂ ಇಟ್ಟುಕೊಳ್ಳುತ್ತದೆ. ಬ್ಯಾಕಪ್‌ಗೆ ಬರೇ ಮುಖ್ಯ ಫೈಲ್ ಕಾಪಿ ಮಾಡಿದರೆ ವಾಲ್ ಫೈಲಿನಲ್ಲಿರುವ ಹೊಸ ಪಟ್ಟಿಗಳು ಬರುವುದಿಲ್ಲ. ವ್ಯಾಕ್ಯೂಮ್ ಇಂಟು ಬಳಸಿ ಬೇರೆ ಫೈಲ್ ಮಾಡಿ, ಅದನ್ನು ಪೆನ್‌ಡ್ರೈವಿಗೆ ಹಾಕಿ.

ಅಕ್ಷರ ಜೋಡಣೆ:
ಪ್ಯಾಕೇಜುಗಳ ವಿಷಯಕ್ಕೂ ಒಂದು ಮಾತು. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜನ್ನು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರ ಎನ್‌ಪಿಎಂನಿಂದ ತೆಗೆದಾಗ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್ ನಿಂತವು. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಸಾಧನ ಎಕ್ಸ್‌ಝಡ್ 5.6.0, 5.6.1ರಲ್ಲಿ ಹಿಂಬಾಗಿಲು ಸಿಕ್ಕಿತು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನು ಹತ್ತಿ ನೋಡಿದ್ದರಿಂದ ಅದು ಹೊರಬಿತ್ತು. ಪ್ಯಾಕೇಜುಗಳ ಆವೃತ್ತಿ ಬರೆದಿಡುವ ಲಾಕ್ ಫೈಲ್ ಕೋಡಿನ ಜತೆಗೇ ಇಡಿ. ಗೋದಲ್ಲಿ ಪ್ಯಾಕೇಜುಗಳ ಪ್ರತಿ ಇಡುವ ವೆಂಡರ್ ಫೋಲ್ಡರ್ ಮಾಡಿದರೆ ನೆಟ್ ಇಲ್ಲದೆಯೂ ಬಿಲ್ಡ್ ಆಗುತ್ತದೆ.

ಎಐ ಕೈಲಿ ಕೋಡ್ ಬರೆಸಿದರೆ ಇಲ್ಲದ ಪ್ಯಾಕೇಜಿನ ಹೆಸರು ಹೇಳುವುದುಂಟು, ಆ ಹೆಸರಿನಲ್ಲಿ ಬೇರೆ ಯಾರೋ ವೈರಸ್ ಇಟ್ಟಿರಬಹುದು. ಹೆಸರು ನೋಡದೆ ಇನ್‌ಸ್ಟಾಲ್ ಮಾಡಬೇಡಿ. ಮೇಲೆ ಬಂದ ಉದಾಹರಣೆಗಳನ್ನೇ, ಅಂದರೆ ₹1,39,486.25ರ ಪಟ್ಟಿ, ಎರಡು ಬಗೆಯ "ತೊಗರಿ", ಸೊನ್ನೆ ಹಾಕಿದ "ಅ೦ಗಡಿ", ಅರ್ಧ ಬಂದ 0184, ನಸುಕಿನ 4 ಗಂಟೆಯ ತಾರೀಖು, ಇವನ್ನು ಮೊದಲು ಟೆಸ್ಟ್ ಆಗಿ ಬರೆದಿಟ್ಟು ಆಮೇಲೆ ಎಐ ಕೈಗೆ ಕೊಡಿ.

ಸಗರನಾಡು:
ಎಲ್ಲರಿಗೂ ಶರಣು. ಗೋ, ಎಸ್‌ಕ್ಯುಲೈಟ್, ಸಾದಾ ಎಚ್‌ಟಿಎಂಎಲ್ ಅಂತ ಶುರು ಮಾಡುತ್ತೇವೆ. ಒಂದು ಉಳಿದಿದೆ: 80 ಮಿಮೀ ಥರ್ಮಲ್ ಪ್ರಿಂಟರಿಗೆ ಕನ್ನಡ ನೇರ ಕಳಿಸಿದರೆ ಕಸ ಬರುತ್ತದೆ. ಚಿತ್ರ ಮಾಡಿ ಕಳಿಸಿದರೆ ಒತ್ತು ಪಕ್ಕಕ್ಕೆ ಬೀಳುತ್ತದೆ, ಅರ್ಕಾವತ್ತು ಸರಿ ಕೂಡುವುದಿಲ್ಲ.

ಅಕ್ಷರ ಜೋಡಣೆ:
ನೇರ ಕಳಿಸಿದ್ದು ಓದಲು ಪ್ರಿಂಟರಿನೊಳಗೆ ಕನ್ನಡ ಫಾಂಟ್ ಇಲ್ಲ, ಅದಕ್ಕೆ ಚಿತ್ರವೇ ದಾರಿ. ಚಿತ್ರದಲ್ಲಿ ಒತ್ತು ಬೀಳುವುದಕ್ಕೆ ಕಾರಣ, ಚಿತ್ರ ಬರೆಯುವ ಲೈಬ್ರರಿ ಸಂಕೇತಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಕೂಡಿಸುವುದಿಲ್ಲ. ಕೂಡಿಸುವ ಕೆಲಸ ಹಾರ್ಫ್‌ಬಝ್‌ನಂಥ ಎಂಜಿನ್‌ನದು. ಪೈಥಾನಿನ ಚಿತ್ರ ಲೈಬ್ರರಿ ಪಿಲ್ಲೋ ಆದರೆ ಜೋಡಣೆಯ ರಾಕ್ಮ್ ಲೈಬ್ರರಿ ಇದ್ದರೆ ಮಾತ್ರ ಸರಿ ಬರುತ್ತದೆ, ವಿಂಡೋಸ್‌ನಲ್ಲಿ ಅದಕ್ಕೆ ಫ್ರಿಬಿಡಿ ಡಿಎಲ್‌ಎಲ್ ಬೇರೆ ಇಡಬೇಕಾಗಬಹುದು. ಗೋದ ಸಾದಾ ಪಿಡಿಎಫ್, ಚಿತ್ರ ಲೈಬ್ರರಿಗಳಲ್ಲೂ ಇದೇ ತೊಂದರೆ.

ನಿಮ್ಮದು ಹೇಗೂ ಬ್ರೌಸರ್. ಬ್ರೌಸರಿನೊಳಗೆ ಜೋಡಣೆಯ ಎಂಜಿನ್ ಇದ್ದೇ ಇದೆ. ಪಟ್ಟಿಯನ್ನು ಎಚ್‌ಟಿಎಂಎಲ್ ಪೇಜ್ ಮಾಡಿ, ಅಗಲ 72 ಮಿಮೀ, ಅಂಚು 0 ಕೊಟ್ಟು, ವಿಂಡೋಸ್ ಡ್ರೈವರ್ ಮೂಲಕ ಪ್ರಿಂಟ್ ಕೊಡಿ. 203 ಡಿಪಿಐ ಪ್ರಿಂಟರಿನಲ್ಲಿ 80 ಮಿಮೀ ಕಾಗದಕ್ಕೆ 576 ಚುಕ್ಕೆ ಸಿಗುತ್ತವೆ, 58 ಮಿಮೀ ಆದರೆ 384. ವಿಂಡೋಸ್ 7ರಲ್ಲಿ ತುಂಗಾ ಫಾಂಟ್ ಇದೆ, ನಿರ್ಮಲಾ ಬಂದದ್ದು ವಿಂಡೋಸ್ 8ರಿಂದ. ಎರಡು ಮಷೀನಿನಲ್ಲಿ ಸಾಲು ಬೇರೆ ಬೇರೆ ಕಡೆ ಮುರಿಯಬಾರದು ಅಂದರೆ ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಸರ್ವರಿಂದಲೇ ಕೊಡಿ. ಬೂದು ಬಣ್ಣ ಬಳಸಬೇಡಿ, ಥರ್ಮಲ್‌ನಲ್ಲಿ ಅದು ಚುಕ್ಕೆಚುಕ್ಕೆಯಾಗಿ ಒತ್ತಕ್ಷರ ಮುಚ್ಚಿಹೋಗುತ್ತದೆ. ಕಪ್ಪು ಮಾತ್ರ, ಅಕ್ಷರ ಸ್ವಲ್ಪ ದಪ್ಪ, ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇರಲಿ, ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪರೀಕ್ಷೆಗೆ "ಕೃಷ್ಣಾ", "ಸ್ತ್ರೀ", "ಮಲ್ಲಿಕಾರ್ಜುನ" ಮೂರನ್ನೂ ಒಂದರ ಕೆಳಗೆ ಒಂದು ಪ್ರಿಂಟ್ ಹಾಕಿ ನೋಡಿ. ಮೂರೂ ಸರಿ ಬಂದರೆ ಉಳಿದವೂ ಹೆಚ್ಚುಕಡಿಮೆ ಬರುತ್ತವೆ.